ಮೂಲೆ ಬಾಯಿಬಿಟ್ಟ ಹಲಸಿನ ಶೆಲ್ಫ್

ಪ್ರಶ್ನೆ: 20 ಮಿ.ಮೀ. ದಪ್ಪದ ಹಲಸಿನ ಹಲಗೆಯಲ್ಲಿ ಪುಸ್ತಕದ ಶೆಲ್ಫ್ ಮಾಡಿದೆ. ಮೂಲೆಗಳಿಗೆ ಬಿಳಿ ಅಂಟು ಹಚ್ಚಿ ಮೊಳೆ ಹೊಡೆದಿದ್ದೆ. ಬೇಸಿಗೆಗೆ ಎರಡು ಮೂಲೆ ಬಾಯಿಬಿಟ್ಟವು. ಪಾಲಿಶ್ ಮಾಡಿದರೆ ಕೂಡಿಕೆಯ ಸುತ್ತ ಬಿಳಿಚು ಕಲೆ.
– ಓದುಗರು, ಗುಬ್ಬಿ

ಉತ್ತರ: ತಪ್ಪು ಅಂಟಿನದಲ್ಲ, ಅದು ಕೂತ ಜಾಗದ್ದು. ಅಡ್ಡ ಕೊಯ್ದ ತುದಿಯಲ್ಲಿ ಮರದ ನಾರುಗಳ ಬಾಯಿ ತೆರೆದಿರುತ್ತದೆ. ಹಚ್ಚಿದ ಅಂಟನ್ನು ಅವೇ ಹೀರಿಬಿಡುತ್ತವೆ. ಅಲ್ಲಿ ಮೊಳೆಗೂ ಹಿಡಿತ ಸಾಲದು. ಜೊತೆಗೆ ಹಲಗೆ ಪೂರ್ತಿ ಒಣಗಿರದಿದ್ದರೆ ತುಮಕೂರು ಕಡೆಯ ಏಪ್ರಿಲ್ ಬಿಸಿಲಿಗೆ ಅಗಲದಲ್ಲಿ ಕುಗ್ಗುತ್ತದೆ. ತೋಟದ ಮರ ಕೊಯ್ಸಿದ್ದಾದರೆ ಇಂಚು ದಪ್ಪಕ್ಕೆ ವರ್ಷದ ಲೆಕ್ಕದಲ್ಲಿ, ನಡುವೆ ಪಟ್ಟಿ ಕೊಟ್ಟು, ನೆರಳಲ್ಲಿ ಒಣಗಿಸಿ.

ಈಗ ಬಿಟ್ಟ ಮೂಲೆ ಬಿಚ್ಚಿ, ಮೊಳೆ ಕಿತ್ತು, ಹಳದಿ ಮರ ಕಾಣುವವರೆಗೆ ಉಳಿಯಿಂದ ಕೆರೆಯಿರಿ. ಹಳೆ ಅಂಟಿನ ಮೇಲೆ ಹೊಸದು ಹಿಡಿಯದು. ಅಂಟಿಲ್ಲದೆ ಜೋಡಿಸಿ ಬಿಗಿದು, ಹೊರಗಿನಿಂದ 8 ಮಿ.ಮೀ. ಬಿಟ್‌ನಲ್ಲಿ 52 ಮಿ.ಮೀ. ಆಳ ಕೊರೆಯಿರಿ. 8 ಇಂಚು ಅಗಲದ ಹಲಗೆಗೆ ಮೂರು ತೂತು ಸಾಕು. ಆ ತೂತಿಗೆ ಬಡಿಯುವ 55 ಮಿ.ಮೀ. ಉದ್ದದ ಮರದ ಗೂಟಕ್ಕೆ ಉದ್ದಕ್ಕೂ ಒಂದು ಗೀರು ಹಾಕಿ. ಗೀರಿಲ್ಲದಿದ್ದರೆ ಒಳಗೆ ಸಿಕ್ಕಿದ ಅಂಟು ಹೊರಬರಲು ದಾರಿಯಿಲ್ಲದೆ ಹಲಗೆಯನ್ನೇ ಸೀಳುತ್ತದೆ. ಒಣ ಬಿದಿರಿನ ಗೂಟವೂ ಚೆನ್ನ. ಮೂಲೆ ಬಿಡಿಸಿ, ಹಲಗೆಯ ಅಡ್ಡ ಕೊಯ್ದ ತುದಿಗೆ ತೆಳುವಾಗಿ ಅಂಟು ಬಳಿದು, ಐದು ನಿಮಿಷ ಹೀರಲು ಬಿಟ್ಟು, ಮತ್ತೊಮ್ಮೆ ಬಳಿಯಿರಿ. ಆಮೇಲೆ ಮೂಲೆ ಜೋಡಿಸಿ, ಗೂಟಕ್ಕೂ ಅಂಟು ಹಚ್ಚಿ ಬಡಿಯಿರಿ. ಕ್ಲಾಂಪ್ ಇಲ್ಲವೇ? ಹಳೆ ಸೈಕಲ್ ಟ್ಯೂಬ್ ಸೀಳಿ ಎಳೆದು ಸುತ್ತಿ. ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹಿಡಿದ ಎರಡೂ ಅಳತೆ ಒಂದೇ ಬಂದರೆ ಮೂಲೆಗಳು ನೇರವಾಗಿವೆ. ಒಂದು ದಿನ ಮುಟ್ಟಬೇಡಿ. ಉಳಿದ ಗೂಟವನ್ನು ಆಮೇಲೆ ಸಮನಾಗಿ ಕೊಯ್ಯಿರಿ.

ಬಿಳಿಚು ಕಲೆಗೆ ಕಾರಣ ಒರೆಸಿದ ಅಂಟು. ಒದ್ದೆ ಬಟ್ಟೆ ಅದನ್ನು ನೀರಾಗಿಸಿ ಮರದೊಳಗೆ ತುಂಬುತ್ತದೆ, ಅಲ್ಲಿ ಪಾಲಿಶ್ ಇಳಿಯುವುದಿಲ್ಲ. ಕೂಡಿಕೆಯಿಂದ ಹೊರಬಂದ ಅಂಟು ರಬ್ಬರಿನಂತಾದಾಗ ಉಳಿಯಿಂದ ಎಬ್ಬಿಸಿ. ಕಲೆಯಾದಲ್ಲಿ 120, 180, 220 ನಂಬರಿನ ಉಪ್ಪುಕಾಗದ ಇದೇ ಕ್ರಮದಲ್ಲಿ, ನಾರಿನ ಜಾಡಿನಲ್ಲೇ ಉಜ್ಜಿ; ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಪಾಲಿಶ್‌ಗೆ ಅರ್ಧ ಲೀಟರ್ ಸ್ಪಿರಿಟ್‌ನಲ್ಲಿ 90 ಗ್ರಾಂ ಅರಗಿನ ಚಕ್ಕೆ ರಾತ್ರಿಯಿಡೀ ನೆನೆಸಿ, ಸೋಸಿ, ತೆಳುವಾಗಿ ಮೂರು ಸಲ ಹಚ್ಚಿ. ಮಳೆ ಹಿಡಿದ ದಿನ ಬೇಡ, ಮೇಲ್ಮೈ ಮಂಜುಗಟ್ಟುತ್ತದೆ.

ಪ್ರಶ್ನೆ: ಸ್ಟೂಲಿಗೆ ಹಸಿ ಅಗಸೆ ಎಣ್ಣೆ ಹಚ್ಚಿ ವಾರವಾಯಿತು, ಇನ್ನೂ ಅಂಟಂಟು.
– ಓದುಗರು, ಚಿಂತಾಮಣಿ

ಉತ್ತರ: ಹೆಚ್ಚು ಬಳಿದಿದ್ದೀರಿ. ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮುಂದೆ ತೆಳುವಾಗಿ ಹಚ್ಚಿ, ಕಾಲು ಗಂಟೆಗೆ ಪೂರ್ತಿ ಒರೆಸಿ. ಎಣ್ಣೆಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ತಾನಾಗಿಯೇ ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ಬಿಡಿಸಿ ಹರವಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಮುಳುಗಿಸಿಡಿ.