ಮಾಡಿನ ಮೇಲೆ ಆಂಟೆನಾ ಏರಿಸಿದ ಮೇಲೆ ಹ್ಯಾಂಡಿ ಸೆಟ್ಟಿಗೆ ಏನೂ ಕೇಳುವುದಿಲ್ಲ, ಪ್ರೀಆಂಪ್ ತಗೊಳ್ಳಲೇ?

ಬೇಡ ಮಾರಾಯ್ರೆ. ಪ್ರೀಆಂಪ್ ಅಂದರೆ ಸಿಗ್ನಲನ್ನು ಹಿಗ್ಗಿಸುವ ಡಬ್ಬಿ, ಅದನ್ನು ಹಾಕಿದರೆ ಈಗ ಇರುವ ತೊಂದರೆ ಇಮ್ಮಡಿಯಾಗುತ್ತದೆ.

ನೀವು ಬರೆದದ್ದರಿಂದ ನನಗೆ ಗೊತ್ತಾದದ್ದು ಇಷ್ಟು: ಬದಿಯಡ್ಕದ ಹತ್ತಿರ ಮನೆ, ಹೊಸದಾಗಿ ಸಿಕ್ಕಿದ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸನ್ಸು, ಕೈಯಲ್ಲಿ ಹಿಡಿಯುವ ಐದು ವಾಟ್ಸಿನ ಅಗ್ಗದ ಸೆಟ್ಟು, ಅಂದರೆ ಹ್ಯಾಂಡಿ. ರಬ್ಬರ್ ಆಂಟೆನಾದಲ್ಲಿ ಅಂಗಳದ ಮೂಲೆಗೆ ಹೋದರೆ ಮಂಗಳೂರು ಕಡೆಯ ರಿಪೀಟರ್ (ನಮ್ಮ ಮಾತನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಸ್ಟೇಷನ್) ಕೇಳುತ್ತದೆ. ಮಾಡಿನ ಮೇಲೆ ಜಿಪಿ (ಗ್ರೌಂಡ್ ಪ್ಲೇನ್) ಆಂಟೆನಾ ಕಟ್ಟಿ ಕೇಬಲ್ ಇಳಿಸಿದ ಮೇಲೆ ಮೀಟರ್ ಪೂರ್ತಿ ತೋರಿಸುತ್ತದೆ, ಆದರೆ ರಿಪೀಟರ್ ಇಲ್ಲ. ಬದಲಿಗೆ ತುಂಡು ತುಂಡಾಗಿ ಗೊರಗೊರ, ಒಮ್ಮೊಮ್ಮೆ ಯಾರದೋ ಮಾತು. ಗೆಳೆಯರ ಮನೆಯ ಎಚ್‌ಎಫ್ (ಶಾರ್ಟ್‌ವೇವ್) ಸೆಟ್ಟಿನಲ್ಲೂ ರಾತ್ರಿ 40 ಮೀಟರ್ ಪಟ್ಟಿಯಲ್ಲಿ (ಬ್ಯಾಂಡಿನಲ್ಲಿ) ಗದ್ದಲ ಎಂದಿದ್ದೀರಿ.

ಸೆಟ್ಟಿಗೆ ಸಿಗ್ನಲ್ ಸಾಲುತ್ತಿಲ್ಲ ಎಂಬುದು ನಿಮ್ಮ ಲೆಕ್ಕ. ನನ್ನ ಲೆಕ್ಕದಲ್ಲಿ ಸಿಗ್ನಲ್ ಹೆಚ್ಚಾಗಿದೆ. ಬಯಲಾಟದಲ್ಲಿ ಚೆಂಡೆಗೆ ತಾಗಿ ಕೂತವನಿಗೆ ವೇಷಧಾರಿಯ ಅರ್ಥ ಕೇಳುವುದಿಲ್ಲ. ಅವನ ಕಿವಿಗೆ ಶ್ರವಣಯಂತ್ರ ಇಟ್ಟರೆ ಚೆಂಡೆಯೇ ಇನ್ನೂ ಜೋರಾದೀತು. ಅಗ್ಗದ ಹ್ಯಾಂಡಿಗಳಲ್ಲಿ ಇಡೀ ರಿಸೀವರ್ ಒಂದೇ ಚಿಪ್ಪಿನೊಳಗೆ ಇರುತ್ತದೆ, ಅದರ ಮುಂದೆ ಹೇಳಿಕೊಳ್ಳುವಂಥ ಫಿಲ್ಟರ್ ಇರುವುದಿಲ್ಲ. ನಮ್ಮ ಎರಡು ಮೀಟರ್ ಪಟ್ಟಿಯ 145 ಮೆಗಾಹರ್ಟ್ಸಿಗೆ ಟ್ಯೂನ್ ಮಾಡಿದ್ದೇವೆ ಎಂದು ನಾವು ಅಂದುಕೊಳ್ಳುತ್ತೇವೆ. ಮೊದಲ ಆಂಪ್ಲಿಫೈಯರಿಗೆ ಮಾತ್ರ ಎಫ್‌ಎಂ ಸ್ಟೇಷನ್ನು, ದೋಣಿಯವರ ವೈರ್‌ಲೆಸ್ಸು, ಮೊಬೈಲ್ ಟವರು ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ರಬ್ಬರ್ ಆಂಟೆನಾ ಎಷ್ಟೂ ಹಿಡಿಯುವುದಿಲ್ಲವಾದ್ದರಿಂದ ಅದರಲ್ಲಿ ತೊಂದರೆ ಗೊತ್ತಾಗುವುದಿಲ್ಲ. ಇದೇ ಕಾರಣಕ್ಕೆ ಪೊಸಡಿ ಗುಂಪೆ ಗುಡ್ಡದ ತುದಿಗೆ ಒಳ್ಳೆಯ ಆಂಟೆನಾ ಹೊತ್ತುಕೊಂಡು ಹೋದವರಿಗೆ ನಿರಾಸೆಯಾಗುವುದುಂಟು. ಅಲ್ಲಿಂದ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ ಕಾಣುತ್ತದೆ. ಕಣ್ಣಿಗೆ ಕಾಣುವಷ್ಟು ದೂರದ ಟ್ರಾನ್ಸ್‌ಮಿಟರುಗಳಿಗೆಲ್ಲ ಸೆಟ್ ಕೂಡ ಕಾಣುತ್ತದಲ್ಲ!

ಓವರ್‌ಲೋಡ್ ಎರಡು ರೀತಿ ಕಾಡುತ್ತದೆ. ಒಂದು, ಬಲವಾದ ಸಿಗ್ನಲ್ ಬಂದು ಆಂಪ್ಲಿಫೈಯರ್ ಅದುಮಿಹೋಗಿ ಸಣ್ಣ ಸಿಗ್ನಲ್ ಮಾಯವಾಗುವುದು. ನಾವು ಡಿಸೆನ್ಸ್ ಎನ್ನುವುದು ಇದಕ್ಕೇ. ಇನ್ನೊಂದು ಇಂಟರ್‌ಮಾಡ್: ಎರಡು ಬಲವಾದ ಸಿಗ್ನಲ್‌ಗಳು ರಿಸೀವರಿನೊಳಗೆ ಬೆರೆತು, ಗಾಳಿಯಲ್ಲಿ ಇಲ್ಲದ ಮೂರನೆಯದೊಂದನ್ನು ಹುಟ್ಟಿಸುವುದು. ಒಂದರ ಎರಡು ಪಾಲಿನಿಂದ ಇನ್ನೊಂದನ್ನು ಕಳೆಯಿರಿ. 151 ಮತ್ತು 157 ಮೆಗಾಹರ್ಟ್ಸಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ 302ರಿಂದ 157 ಹೋಗಿ 145. ನಿಮ್ಮ ಪಟ್ಟಿಯ ನಟ್ಟನಡುವೆ! ಹಡಗು, ದೋಣಿಗಳ ವಿಎಚ್‌ಎಫ್ 156 ಮೆಗಾಹರ್ಟ್ಸಿನಿಂದ ಮೇಲೆ ಇರುವುದರಿಂದ ಕರಾವಳಿಯಲ್ಲಿ ಇಂಥ ಜೋಡಿ ಸಿಗುವುದು ಕಷ್ಟವಲ್ಲ. ಯಾರದೋ ಮಾತು ತುಂಡು ತುಂಡಾಗಿ ಕೇಳುವುದು ಹೀಗೆ. ಇಬ್ಬರೂ ಒಟ್ಟಿಗೆ ಪ್ರೆಸ್ ಮಾಡಿದಷ್ಟು ಹೊತ್ತು ಮಾತ್ರ ಅದು ಇರುತ್ತದೆ. (ಅದನ್ನು ಕೂತು ಆಲಿಸಬೇಡಿ. ನಮ್ಮ ಲೈಸನ್ಸು ಅದಕ್ಕಲ್ಲ.)

ಹಾಗಾದರೆ ಗದ್ದಲ ರಿಸೀವರಿನೊಳಗೆ ಹುಟ್ಟಿದ್ದೋ, ನಿಜವಾಗಿಯೂ ಹೊರಗಿನಿಂದ ಬಂದದ್ದೋ ಎಂದು ತಿಳಿಯುವುದು ಹೇಗೆ? ಇದನ್ನು ತೀರ್ಮಾನಿಸದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ, ಎರಡಕ್ಕೂ ಮದ್ದು ಬೇರೆ ಬೇರೆ. ಪರೀಕ್ಷೆಗೆ ಬೇಕಾದದ್ದು ಮೂರು ರೆಸಿಸ್ಟರ್. ಸಣ್ಣ ತಗಡಿನ ಡಬ್ಬಿಯ ಎರಡು ಬದಿಗೆ ಎರಡು ಬಿಎನ್‌ಸಿ ಸಾಕೆಟ್ ಕೂರಿಸಿ. ಎರಡೂ ಸಾಕೆಟ್ಟುಗಳ ನಡುಮೊಳೆಗಳ ನಡುವೆ 68 ಓಮ್, ಪ್ರತಿಯೊಂದು ನಡುಮೊಳೆಯಿಂದ ಡಬ್ಬಿಯ ಮೈಗೆ 100 ಓಮ್. ಕಾಲುಗಳನ್ನು ಆದಷ್ಟು ಗಿಡ್ಡ ಕತ್ತರಿಸಿ ಬೆಸುಗೆ ಹಾಕಿ. ವೈರ್ ಸುತ್ತಿದ ರೆಸಿಸ್ಟರ್ ಆಗದು, ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ಆಗಬೇಕು. ಇದು ಹೆಚ್ಚುಕಮ್ಮಿ 10 ಡಿಬಿಯ ಅಟೆನ್ಯುಯೇಟರ್, ಅಂದರೆ ಸಿಗ್ನಲಿನ ಶಕ್ತಿಯನ್ನು ಹತ್ತರಲ್ಲೊಂದು ಪಾಲಿಗೆ ತಗ್ಗಿಸುವಂಥದ್ದು. ಆಂಟೆನಾ ಕೇಬಲಿಗೂ ಸೆಟ್ಟಿಗೂ ನಡುವೆ ಇದನ್ನು ಸಿಕ್ಕಿಸಿ ಕೇಳಿ. ಆಗ ಪಿಟಿಟಿ (ಮಾತಾಡುವ ಗುಂಡಿ) ಒತ್ತಿದಿರೋ, ಐದು ವಾಟ್ಸಿಗೆ ಈ ರೆಸಿಸ್ಟರುಗಳು ಸುಟ್ಟುಹೋಗುತ್ತವೆ.

ಈಗ ನೋಡಿ ಮಜಾ. ನಿಜವಾದ ಸಿಗ್ನಲ್ 10 ಡಿಬಿ ಇಳಿಯುತ್ತದೆ. ಮೇಲೆ ಹೇಳಿದ ಬಗೆಯ ಇಂಟರ್‌ಮಾಡ್ ಮಾತ್ರ 30 ಡಿಬಿ ಕುಸಿಯುತ್ತದೆ, ಯಾಕೆಂದರೆ ಅದು ಮೂರು ಪಟ್ಟು ವೇಗದಲ್ಲಿ ಏರುವ, ಇಳಿಯುವ ಪ್ರಾಣಿ. ಒಳ್ಳೆಯ ಸೆಟ್ಟಿನ ಎಸ್ ಮೀಟರಿನಲ್ಲಿ (ಸಿಗ್ನಲಿನ ಬಲ ತೋರಿಸುವ ಮೀಟರು) ಒಂದು ಎಸ್ ಅಂದರೆ 6 ಡಿಬಿ. ಹಾಗಾಗಿ ಅಸಲಿ ಸ್ಟೇಷನ್ ಎರಡು ಎಸ್ ಒಳಗೇ ಇಳಿದರೆ ನಕಲಿ ಐದು ಎಸ್ ಇಳಿಯುತ್ತದೆ. ಅಗ್ಗದ ಹ್ಯಾಂಡಿಯ ಮೀಟರನ್ನು ನಂಬುವುದು ಬೇಡ, ಅದರಲ್ಲಿ ಇದ್ದರೆ ಪೂರ್ತಿ ಇಲ್ಲದಿದ್ದರೆ ಸೊನ್ನೆ. ಕಿವಿಯನ್ನೇ ನಂಬಿ. ಸಿಗ್ನಲ್ ತಗ್ಗಿಸಿದಾಗ ರಿಪೀಟರ್ ವಾಪಸ್ ಬಂದರೆ ಓವರ್‌ಲೋಡ್ ಎಂದು ಬರೆದಿಟ್ಟುಕೊಳ್ಳಿ.

ಓವರ್‌ಲೋಡ್ ಎಂದಾದರೆ ಎಫ್‌ಎಂನ ಪಾಲು ಎಷ್ಟು ಎಂದೂ ನೋಡಬಹುದು. ನಿಮ್ಮ ಕಡೆ ಆಕಾಶವಾಣಿ ಮಂಗಳೂರಿನ 100.3 ಬರುತ್ತದಲ್ಲ, ಆರ್‌ಜಿ-58 ಕೇಬಲಿನ 53 ಸೆಂಟಿಮೀಟರ್ ತುಂಡೊಂದನ್ನು ಟಿ ಕನೆಕ್ಟರಿನಲ್ಲಿ ಆಂಟೆನಾ ಲೈನಿಗೆ ಜೋಡಿಸಿ, ಆಚೆ ತುದಿ ಹಾಗೇ ಬಿಡಿ. ಹ್ಯಾಂಡಿಯ ಎಫ್‌ಎಂ ರೇಡಿಯೋ ಹಾಕಿ 100.3 ಕೇಳುತ್ತಾ ತುದಿಯಿಂದ ಅರ್ಧರ್ಧ ಸೆಂಟಿಮೀಟರ್ ಕತ್ತರಿಸುತ್ತಾ ಬನ್ನಿ. 49 ಸೆಂಟಿಮೀಟರಿನ ಆಸುಪಾಸು ಹಾಡಿನೊಳಗೆ ಸುಸ್ಸೆಂಬ ಸದ್ದು ಸೇರಿಕೊಳ್ಳುತ್ತದೆ. ಆ ಕೇಬಲಿನೊಳಗೆ ಕಾಲು ತರಂಗದ ಉದ್ದ ಅಷ್ಟೇ, ಅಲ್ಲಿಗೆ ನಿಲ್ಲಿಸಿ. ಈಗ 145ಕ್ಕೆ ಹೋಗಿ ರಿಪೀಟರ್ ಸುಧಾರಿಸಿತೇ ಕೇಳಿ. ಇದೂ ಕೇಳುವ ಪರೀಕ್ಷೆಗೆ ಮಾತ್ರ. 145ರಲ್ಲಿ ಆ ತುಂಡು ಸುಮ್ಮನಿರುವುದಿಲ್ಲ, ಎಸ್‌ಡಬ್ಲ್ಯುಆರ್ (ಕಳಿಸಿದ ಶಕ್ತಿ ಸೆಟ್ಟಿನ ಕಡೆಗೆ ವಾಪಸ್ ಬರುವುದರ ಅಳತೆ) ಮೂರರ ಹತ್ತಿರ ಹೋಗುತ್ತದೆ. ಕಳಿಸುವ ಮೊದಲು ಕಳಚಿ.

ಸುಧಾರಿಸಿದರೆ 88ರಿಂದ 108 ಮೆಗಾಹರ್ಟ್ಸನ್ನು ತಡೆಯುವ ಫಿಲ್ಟರ್ ಸಾಕು. ಆದರೆ ತಗೊಳ್ಳುವಾಗ ಎಷ್ಟು ವಾಟ್ಸ್ ತಾಳಿಕೊಳ್ಳುತ್ತದೆ ನೋಡಿ, ಎಸ್‌ಡಿಆರ್ ಡಾಂಗಲ್‌ಗೆಂದು (ಕಂಪ್ಯೂಟರಿಗೆ ಸಿಕ್ಕಿಸುವ ರಿಸೀವರ್) ಮಾರುವ ಪುಟ್ಟ ಫಿಲ್ಟರುಗಳು ಕೇಳುವುದಕ್ಕಷ್ಟೇ. ಸುಧಾರಿಸದಿದ್ದರೆ ಶತ್ರು 151, 157ರಂತೆ ಪಕ್ಕದಲ್ಲೇ ಇದ್ದಾನೆ. ಅವನನ್ನು ಎಫ್‌ಎಂ ಫಿಲ್ಟರ್ ಮುಟ್ಟುವುದೂ ಇಲ್ಲ. ಅದಕ್ಕೆ 144ರಿಂದ 146ನ್ನು ಮಾತ್ರ ಬಿಡುವ ಕಿರಿದಾದ ಬ್ಯಾಂಡ್‌ಪಾಸ್ ಬೇಕು, ಹೆಲಿಕಲ್ ಅಥವಾ ಕ್ಯಾವಿಟಿ. ಅದರ ಬೆಲೆಗೆ ನಿಮ್ಮದರಂಥ ಹ್ಯಾಂಡಿ ಎರಡೋ ಮೂರೋ ಬಂದೀತು.

ಇನ್ನು ಗೆಳೆಯರ 40 ಮೀಟರ್. ಅಲ್ಲಿ ನಮ್ಮ ಪಟ್ಟಿ 7.0ರಿಂದ 7.2 ಮೆಗಾಹರ್ಟ್ಸ್, 7.2ರ ಗಡಿ ದಾಟಿದ ತಕ್ಷಣ ಶಾರ್ಟ್‌ವೇವ್ ಪ್ರಸಾರ. ಸೂರ್ಯ ಮುಳುಗಿದ ಮೇಲೆ ಅವುಗಳ ಅಬ್ಬರ ಕೇಳಬೇಡಿ. 7205 ಮತ್ತು 7300 ಕಿಲೋಹರ್ಟ್ಸಿನಲ್ಲಿ ಎರಡು ದೊಡ್ಡ ಸ್ಟೇಷನ್ ಇದ್ದರೆ ಅದೇ ಲೆಕ್ಕದಲ್ಲಿ ಅವುಗಳ ಕೂಸು 7110ರಲ್ಲಿ. ಸೆಟ್ಟಿನ ಪ್ರೀಆಂಪ್ ಮೊದಲು ಆಫ್ ಮಾಡಲಿ, ಸಾಲದಿದ್ದರೆ ಅಟೆನ್ಯುಯೇಟರ್ ಒತ್ತಲಿ, ಆರ್‌ಎಫ್ ಗೇನ್ (ರಿಸೀವರಿನ ಸೂಕ್ಷ್ಮತೆ) ತಗ್ಗಿಸಲಿ. ಸೆಟ್ ಐಕಾಮ್ 7300 ಆದರೆ ಓವರ್‌ಲೋಡ್ ಆದಾಗ ಪರದೆಯಲ್ಲೇ ‘ಓವಿಎಫ್’ ಎಂದು ಬರುತ್ತದೆ. ಸಿಗ್ನಲ್ ಕಳೆದುಹೋದೀತೆಂಬ ಹೆದರಿಕೆ ಬೇಡ: ಆಂಟೆನಾ ಕಳಚಿದಾಗ ಸುಸ್ಸೆಂಬ ಸದ್ದು ಸ್ಪಷ್ಟವಾಗಿ ಇಳಿದರೆ ರಿಸೀವರಿಗೆ ಬೇಕಾದಷ್ಟು ಸೂಕ್ಷ್ಮತೆ ಈಗಾಗಲೇ ಉಂಟು ಎಂದೇ ಅರ್ಥ.

ಎಷ್ಟು ತಗ್ಗಿಸಿದರೂ ಗದ್ದಲವೂ ಸ್ಟೇಷನ್ನೂ ಒಟ್ಟೊಟ್ಟಿಗೆ ಇಳಿಯುತ್ತವೆ ಎಂದಾದರೆ ಅದು ಹೊರಗಿನ ಗದ್ದಲ, ಫಿಲ್ಟರಿನಿಂದ ಪ್ರಯೋಜನವಿಲ್ಲ. ಸೆಟ್ಟನ್ನು ಬ್ಯಾಟರಿಯಲ್ಲಿ ಇಟ್ಟು ಮನೆಯ ಮೇನ್ ಸ್ವಿಚ್ ಇಳಿಸಲಿ. ನಿಂತುಹೋದರೆ ಮನೆಯೊಳಗಿನ ಚಾರ್ಜರ್, ಎಲ್‌ಇಡಿ ಬಲ್ಬು, ಇನ್‌ವರ್ಟರ್ ಒಂದೊಂದಾಗಿ ಹಾಕಿ ಕಳ್ಳನನ್ನು ಹಿಡಿಯಬೇಕು. ಸಿಕ್ಕಿದ ಮೇಲೆ ಅದರ ವೈರನ್ನು 31 ನಂಬರ್ ಮಿಶ್ರಣದ (ಮಿಕ್ಸ್ 31) ಫೆರೈಟ್ ಬಳೆಗೆ ಏಳೆಂಟು ಸುತ್ತು ಹಾಕಲಿ. ವೈರಿನ ಮೇಲೆ ಒಂದು ಕ್ಲಿಪ್ ಸಿಕ್ಕಿಸಿ ಬಿಟ್ಟರೆ 7 ಮೆಗಾಹರ್ಟ್ಸಿನಲ್ಲಿ ಏನೂ ಆಗದು, ತಡೆ ಹೆಚ್ಚುವುದು ಸುತ್ತುಗಳ ವರ್ಗದ ಲೆಕ್ಕದಲ್ಲಿ.

ಮೇನ್ ಇಳಿಸಿದರೂ ನಿಲ್ಲದಿದ್ದರೆ ಕಂಬದ ಲೈನು. ಬೇಸಗೆಯಿಡೀ ಚಟಚಟ ಎನ್ನುತ್ತಿದ್ದು, ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಕೂಡಲೇ ತಣ್ಣಗಾದರೆ ಎಲ್ಲೋ ಸಡಿಲ ಬೋಲ್ಟೋ ಕ್ಲಾಂಪೋ ಕಿಡಿ ಹಾರಿಸುತ್ತಿದೆ ಎಂದು ಹೆಚ್ಚುಕಮ್ಮಿ ಖಚಿತ. ಒದ್ದೆಯಾದಾಗ ಆ ಸಂದಿನ ಕಿಡಿ ನಿಲ್ಲುತ್ತದೆ. ಹಳೆಯ ಟ್ರಾನ್ಸಿಸ್ಟರಿನಲ್ಲಿ ಮೀಡಿಯಂ ವೇವ್ ಖಾಲಿ ಜಾಗಕ್ಕೆ ಇಟ್ಟು ಲೈನಿನ ಅಡಿಯಲ್ಲಿ ನಡೆಯಿರಿ. ಲೈನಿನುದ್ದಕ್ಕೂ ಸದ್ದು ಹರಿಯುವುದರಿಂದ ಮೊದಲ ಕಂಬಕ್ಕೇ ತೀರ್ಪು ಕೊಡಬೇಡಿ. ಹತ್ತಿರ ಹೋದ ಮೇಲೆ ಹ್ಯಾಂಡಿಯಲ್ಲಿ ವಿಮಾನದ ಎಎಂ ಪಟ್ಟಿ ಇದ್ದರೆ ಅದರಲ್ಲಿ ಹುಡುಕಿ, ಮೇಲಿನ ಫ್ರೀಕ್ವೆನ್ಸಿಯಲ್ಲಿ ಸದ್ದು ದೂರ ಹೋಗುವುದಿಲ್ಲ. ಕರೆಂಟು ಆಫೀಸಿಗೆ ಹೋಗುವಾಗ ರೇಡಿಯೋ ಪುರಾಣ ಹೇಳುವುದಕ್ಕಿಂತ ‘ಇಂಥ ನಂಬರಿನ ಕಂಬದಲ್ಲಿ ಕಿಡಿ’ ಎಂದು ಬರೆದುಕೊಟ್ಟರೆ ಕೆಲಸ ಬೇಗ ಆಗುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಪ್ರೀಆಂಪಿಗೆ ಇಟ್ಟ ದುಡ್ಡನ್ನು ಕೂಡಿಟ್ಟು ಯಾರಾದರೂ ಹಿರಿಯ ಹ್ಯಾಮ್ ಮಾರುವ ಹಳೆಯ ಎರಡು ಮೀಟರಿನ ಮೊಬೈಲ್ ಸೆಟ್ ತಗೊಳ್ಳಿ ಎಂಬುದು ನನ್ನ ಅಭಿಪ್ರಾಯ. ಆ ಕಾಲದ ಒಂದೇ ಪಟ್ಟಿಯ ಸೆಟ್ಟುಗಳಲ್ಲಿ ಮುಂದಿನ ಹಂತಕ್ಕೆ ಸರಿಯಾಗಿ ಟ್ಯೂನ್ ಮಾಡಿದ ಕಾಯಿಲ್‌ಗಳಿರುತ್ತವೆ, ಮಾಡಿನ ಆಂಟೆನಾವನ್ನು ಅವು ತಡೆದುಕೊಳ್ಳುತ್ತವೆ. ಹ್ಯಾಂಡಿಯನ್ನು ರಬ್ಬರ್ ಆಂಟೆನಾದೊಂದಿಗೆ ತೋಟಕ್ಕೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಡಬ್ಬಿಯ ಪರೀಕ್ಷೆ ಮಾಡಿ ಏನಾಯಿತೆಂದು ಇಲ್ಲಿ ಬರೆಯಿರಿ, ಯಾವ ಫಿಲ್ಟರ್ ಎಂದು ಆಮೇಲೆ ನೋಡುವ.