ವಿಕ್ಟೋರಿಯಾ ಕಾಲದ ವರ್ಕ್‌ಹೌಸ್‌ಗಳಲ್ಲಿ ಊಟ ಅಷ್ಟು ಕೆಟ್ಟದಾಗಿದ್ದದ್ದು ಯಾಕೆ?

ದುಡ್ಡಿಲ್ಲ ಅಂತ ಮಾತ್ರ ಅಲ್ಲ, ಅರ್ಧ ಬೇಕಂತಲೇ ಹಾಗಿಟ್ಟಿದ್ದರು. ಇಂಗ್ಲೆಂಡಿನಲ್ಲಿ ಗತಿಯಿಲ್ಲದವರಿಗೆ ಕೆಲಸ ಕೊಟ್ಟು ಅನ್ನ ಹಾಕುತ್ತಿದ್ದ ಜಾಗ ಈ ವರ್ಕ್‌ಹೌಸ್. 1834ರ ಬಡವರ ಕಾನೂನಿನ ಹಿಂದಿದ್ದ ಯೋಚನೆ ಇಷ್ಟೇ: ಒಳಗಿನ ಬದುಕು ಹೊರಗಿನ ಕಡುಬಡ ಕೂಲಿಯವನ ಬದುಕಿಗಿಂತ ಕೀಳಾಗಿರಬೇಕು, ಇಲ್ಲದಿದ್ದರೆ ಎಲ್ಲರೂ ಬಂದು ಕೂತುಬಿಡುತ್ತಾರೆ.

ಬ್ರೆಡ್ಡು, ಓಟ್ಸ್‌ನ ತೆಳು ಗಂಜಿ, ಚೀಸು, ವಾರಕ್ಕೆ ಕೆಲವು ದಿನ ಮಾಂಸ. ಸಾಮಾನು ಬರುತ್ತಿದ್ದದ್ದು ಟೆಂಡರ್ ಮೇಲೆ, ಸಾಮಾನ್ಯವಾಗಿ ಕಡಿಮೆ ರೇಟು ಹೇಳಿದವನಿಂದ. ಆ ರೇಟಿಗೆ ಎಂಥ ಮಾಲು ಬರುತ್ತೆ, ಗೊತ್ತಲ್ವಾ?

ಅದರ ಮೇಲೆ ಕಳ್ಳತನ ಬೇರೆ. ಹ್ಯಾಂಪ್‌ಶೈರ್‌ನ ಆಂಡೋವರ್‌ನಲ್ಲಿ ಮೇಲ್ವಿಚಾರಕ ಮೆಕ್‌ಡೂಗಲ್ ಪಾಲಿನ ಊಟವನ್ನೂ ಪೂರ್ತಿ ಕೊಡುತ್ತಿರಲಿಲ್ಲ. ಅಲ್ಲಿ ಗಂಡಸರ ಕೆಲಸ ಗೊಬ್ಬರಕ್ಕೆ ಮೂಳೆ ಕುಟ್ಟುವುದು. ಕುದುರೆ, ದನದ ಹಳೇ ಮೂಳೆ, ನಾತ ಹೊಡೆಯುವಂಥವು. ಹಸಿವು ತಡೆಯಲಾಗದೆ ಅದಕ್ಕೆ ಅಂಟಿದ್ದ ಚೂರುಪಾರು ಮಾಂಸವನ್ನು ಕಚ್ಚಿ, ಒಳಗಿನ ಮಜ್ಜೆಯನ್ನು ಹೀರಿ ತಿನ್ನುತ್ತಿದ್ದರು, ಒಳ್ಳೇ ಮೂಳೆಗೆ ಕಿತ್ತಾಡುತ್ತಲೂ ಇದ್ದರು. 1845ರಲ್ಲಿ ಇದು ಪತ್ರಿಕೆಗೆ ಬಂದು ದೊಡ್ಡ ಗಲಾಟೆಯಾಯಿತು. ಮರುವರ್ಷ ಪಾರ್ಲಿಮೆಂಟಿನ ಸಮಿತಿ ವಿಚಾರಣೆ ಮಾಡಿತು, 1847ರಲ್ಲಿ ವರ್ಕ್‌ಹೌಸ್‌ಗಳ ಮೇಲ್ವಿಚಾರಣೆಗಿದ್ದ ಸರ್ಕಾರಿ ಆಯೋಗವನ್ನೇ ತೆಗೆದು ಬೇರೆ ಮಂಡಳಿ ಮಾಡಿದರು.