ಗುರುವಿನ ಲೋಟದಲ್ಲಿ ಈರುಳ್ಳಿ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ. ಅವರ ಹತ್ತು ವರ್ಷದ ಮಗಳು ‘ಅವತಾರ್: ದ ಲಾಸ್ಟ್ ಏರ್‌ಬೆಂಡರ್’ ಕಾರ್ಟೂನ್ ನೋಡುತ್ತಾಳೆ. ಜೊತೆಗೆ ಕೂತು ಇವರೂ ಪೂರ್ತಿ ನೋಡಿ ಮುಗಿಸಿದ್ದಾರೆ. “ಅವತಾರ ಇದೆ, ಚಕ್ರಗಳಿವೆ, ಯುದ್ಧಕ್ಕೆ ಮುಂಚೆ ‘ಕೊಲ್ಲಲಾರೆ’ ಅನ್ನುವ ವೀರನಿದ್ದಾನೆ. ಇದು ಭಗವದ್ಗೀತೆಯೇ, ವೇಷ ಮಾತ್ರ ಬೇರೆ. ನಮ್ಮ ಮನೆಯವರು ‘ಮಕ್ಕಳ ಕಾರ್ಟೂನಿಗೆಲ್ಲ ಭಾಷ್ಯ ಬರೀಬೇಡ’ ಅಂತ ನಗುತ್ತಾರೆ. ಯಾರು ಸರಿ?”

ನಿಮ್ಮ ಮನೆಯವರ ಮಾತು ಮೊದಲು. ಕಾರ್ಟೂನು ಅನ್ನುವ ಒಂದೇ ಕಾರಣಕ್ಕೆ ಭಾಷ್ಯ ಬೇಡ ಅಂದರೆ ನಾನು ಒಪ್ಪುವುದಿಲ್ಲ. ನರಿ, ಕಾಗೆ, ಆಮೆಗಳ ಕಥೆಗೂ ಅರ್ಥ ಹೇಳಿಕೊಂಡು ಬಂದವರು ನಾವು. ಅರ್ಥ ಹುಡುಕೋದು ತಪ್ಪಲ್ಲ. ಆದರೆ ನೀವು ಹೇಳುತ್ತಿರುವುದು ಅದಕ್ಕಿಂತ ಜಾಸ್ತಿ: ಈ ಕಥೆಯನ್ನು ಕಟ್ಟಿದ್ದೇ ಗೀತೆಯನ್ನು ಹೇಳೋಕೆ ಅಂತ.

ಹಾಗೆ ಕಟ್ಟಿದ ಕಥೆ ಹೇಗಿರುತ್ತದೆ? ಭಾಗವತದ ಪುರಂಜನನನ್ನು ನೆನೆಸಿಕೊಳ್ಳಿ. ಒಂಬತ್ತು ಬಾಗಿಲ ಊರು, ಅಲ್ಲೊಬ್ಬಳು ಹೆಣ್ಣು, ಕಾವಲಿಗೆ ಐದು ಹೆಡೆಯ ಹಾವು. ಕಥೆ ಮುಗಿದ ಮೇಲೆ ನಾರದರೇ ಬಿಡಿಸಿ ಹೇಳುತ್ತಾರೆ: ಊರು ಅಂದರೆ ದೇಹ, ಹೆಣ್ಣು ಅಂದರೆ ಬುದ್ಧಿ, ಹಾವು ಅಂದರೆ ಪ್ರಾಣ. ಒಂದೊಂದಕ್ಕೂ ಲೆಕ್ಕ ಸಿಗುತ್ತದೆ. ‘ಅವತಾರ್’ನಲ್ಲಿ ಹಾಗೆ ಲೆಕ್ಕ ಕೂಡುತ್ತದಾ?

ನೋಡದವರಿಗೆ ಎರಡು ಮಾತು. 2005ರಿಂದ 2008ರವರೆಗೆ ಅಮೆರಿಕದ ನಿಕೆಲೋಡಿಯನ್ ಚಾನೆಲ್‌ನಲ್ಲಿ ಬಂದ 61 ಕಂತುಗಳ ಸರಣಿ ಇದು. ನೀರು, ಮಣ್ಣು, ಬೆಂಕಿ, ಗಾಳಿ, ಹೀಗೆ ನಾಲ್ಕು ಜನಾಂಗ. ನಾಲ್ಕನ್ನೂ ಆಳಬಲ್ಲ ಒಬ್ಬನೇ ‘ಅವತಾರ್’. ಹನ್ನೆರಡರ ಹುಡುಗ ಆಂಗ್ ನೂರು ವರ್ಷ ಮಂಜುಗಡ್ಡೆಯಲ್ಲಿ ಹುದುಗಿದ್ದು ಏಳುವಾಗ, ಅವನ ಗಾಳಿಯ ಜನರನ್ನು ಬೆಂಕಿಯ ಸೈನ್ಯ ಕೊಂದು ಮುಗಿಸಿರುತ್ತದೆ.

ಹೆಸರು ನಮ್ಮದು, ನಿಜ. ಆದರೆ ಇಲ್ಲಿ ದೇವರು ಮೇಲಿನಿಂದ ಇಳಿದು ಬರುವುದಿಲ್ಲ. ಒಬ್ಬ ಅವತಾರ್ ಸತ್ತರೆ ಮುಂದಿನ ಜನಾಂಗದಲ್ಲಿ ಮಗುವಾಗಿ ಹುಟ್ಟುತ್ತಾನೆ. ಆ ಮಗುವನ್ನು ಗುರುತಿಸುವುದು ಹೇಗೆ ಗೊತ್ತಾ? ಸಾವಿರಾರು ಆಟಿಕೆಗಳ ನಡುವೆ ಪುಟ್ಟ ಆಂಗ್ ನಾಲ್ಕನ್ನು ಆರಿಸಿಕೊಂಡಿರುತ್ತಾನೆ. ಅವು ಹಿಂದಿನ ಅವತಾರ್‌ಗಳ ಕೈಯಲ್ಲಿದ್ದವು. ಅದರಲ್ಲೊಂದು ಕೈಡೋಲು. ಈಗಿನ ದಲೈ ಲಾಮಾ ಎರಡು ವರ್ಷದ ಆಸುಪಾಸಿನ ಮಗುವಾಗಿದ್ದಾಗಲೂ ಹೀಗೇ ಆಯಿತು. ಹಿಂದಿನ ಲಾಮಾರ ಜಪಮಾಲೆ, ಊರುಗೋಲು, ಚಿಕ್ಕ ಡೋಲುಗಳನ್ನು ಅಂಥವೇ ಬೇರೆ ವಸ್ತುಗಳ ಜೊತೆ ಮುಂದಿಟ್ಟರು, ಮಗು ಸರಿಯಾದದ್ದನ್ನೇ ಎತ್ತಿಕೊಂಡಿತು. ಆಂಗ್‌ನ ಗುರುವಿನ ಹೆಸರು ಗ್ಯಾತ್ಸೋ, ದಲೈ ಲಾಮಾ ಟೆನ್ಜಿನ್ ಗ್ಯಾತ್ಸೋ ಅವರದ್ದೇ. ಬೈಲುಕುಪ್ಪೆಯ ಮಠದಂಗಳದಲ್ಲಿ ಬೋಳುತಲೆಯ ಮರಿ ಸನ್ಯಾಸಿಗಳು ಓಡಾಡುವುದನ್ನು ಕಂಡು ನನ್ನ ತಂಗಿಯ ಮಗ “ಆಂಗ್! ಆಂಗ್!” ಅಂತ ಕೂಗಿದ್ದ. ಸುಮ್ನೆ ಕೂಗಿದ್ದಲ್ಲ.

ಚಕ್ರಗಳು ಮಾತ್ರ ನಮ್ಮ ಯೋಗದವು. ಗುರು ಪಥಿಕ್ ಏಳನ್ನೂ ಒಂದೊಂದಾಗಿ ಬಿಡಿಸುತ್ತಾನೆ, ಭಯದಿಂದ ಶುರುಮಾಡಿ ಮೋಹದವರೆಗೆ. ಆದರೆ ಅವನು ಕುಡಿಯುವುದೇನು, ಗಮನಿಸಿದಿರಾ? ಈರುಳ್ಳಿ ಮತ್ತು ಬಾಳೆಹಣ್ಣಿನ ಜ್ಯೂಸ್! ನಮ್ಮ ಕಡೆಯ ಯಾವ ಯೋಗಿ ಈರುಳ್ಳಿ ಮುಟ್ಟುತ್ತಾನೆ, ಹೇಳಿ. ಯೋಗಶಾಸ್ತ್ರ ಸಾರುವುದೇ ಉದ್ದೇಶವಾಗಿದ್ದರೆ ಆ ಲೋಟದಲ್ಲಿ ಹಾಲಿರುತ್ತಿತ್ತು. ಇವರಿಗೆ ಬೇಕಾಗಿದ್ದದ್ದು ನಗು.

ಇನ್ನು ಕೊನೆಯ ಯುದ್ಧ. ನಿಮ್ಮ ವಾದ ಗಟ್ಟಿಯಾಗಿರುವುದು ಇಲ್ಲೇ, ಮುರಿದು ಬೀಳುವುದೂ ಇಲ್ಲೇ. ಬೆಂಕಿಯ ಜನಾಂಗದ ದೊರೆ ಓಝಾಯ್‌ನನ್ನು ಕೊಲ್ಲಬೇಕಾ ಅಂತ ಆಂಗ್ ತನ್ನ ಹಿಂದಿನ ನಾಲ್ಕು ಜನ್ಮಗಳನ್ನು ಕೇಳುತ್ತಾನೆ. ಅವನದೇ ಜನಾಂಗದ ಯಾಂಗ್‌ಚೆನ್ ಕೂಡ ಅವನ ಪರ ನಿಲ್ಲುವುದಿಲ್ಲ. ನಿನ್ನ ಆತ್ಮಶುದ್ಧಿ ಆಮೇಲೆ, ಲೋಕದ ಕೆಲಸ ಮೊದಲು ಅನ್ನುತ್ತಾಳೆ. ಕೃಷ್ಣನ ಮಾತಿಗೆ ಎಷ್ಟು ಹತ್ತಿರ, ಅಲ್ವಾ? ಆದರೆ ಅರ್ಜುನ ಕೊನೆಗೆ “ನೀನು ಹೇಳಿದಂತೆ ಮಾಡುತ್ತೇನೆ” ಅಂದ. ಆಂಗ್ ಹಾಗೆ ಅನ್ನುವುದಿಲ್ಲ. ಓಝಾಯ್ ಕೈಗೆ ಸಿಕ್ಕಿಬಿದ್ದ ಮೇಲೂ ಏಟು ತಡೆಯುತ್ತಾನೆ, ಅವನ ಬೆಂಕಿಯ ಶಕ್ತಿಯನ್ನಷ್ಟೇ ಕಿತ್ತುಕೊಂಡು ಜೀವ ಬಿಡುತ್ತಾನೆ. ಗೀತೆಯ ರೂಪಕ ಗೀತೆಗೇ ಬೆನ್ನು ತಿರುಗಿಸಿದರೆ ಅದನ್ನು ರೂಪಕ ಅನ್ನುವುದು ಹೇಗೆ?

ಆ ದೃಶ್ಯ ನೋಡುವಾಗ ನನಗೆ ನೆನಪಾಗಿದ್ದು ಬಾಹುಬಲಿ. ಗೆದ್ದ ಗಳಿಗೆಯಲ್ಲೇ ಅಣ್ಣ ಭರತನನ್ನು ಮೇಲೆತ್ತಿ, ನೆಲಕ್ಕೆ ಅಪ್ಪಳಿಸದೆ ಇಳಿಸಿದವನು. ಇದನ್ನೇ ಹಿಡಿದು ನಾನೊಂದು ಲೇಖನ ಬರೆಯಬಹುದು. ಎರಡನೇ ಭಾಗದ ಕೊನೆಗೆ ಸಿಡಿಲಿಗೆ ಸತ್ತ ಆಂಗ್‌ಗೆ ಪವಿತ್ರ ನೀರಿನಿಂದ ಮತ್ತೆ ಜೀವ ಬರುವುದನ್ನು ಹಿಡಿದು ಕ್ರೈಸ್ತರೊಬ್ಬರೂ ಬರೆಯಬಹುದು. ಎರಡೂ ಚೆನ್ನಾಗಿಯೇ ಇರುತ್ತವೆ. ಆದರೆ ಬಾಹುಬಲಿ ಗೆದ್ದ ಮೇಲೆ ತಪಸ್ಸಿಗೆ ಹೋದ, ಆಂಗ್ ಗೆದ್ದ ಮೇಲೆ ಗೆಳೆಯರ ಜೊತೆ ಟೀ ಅಂಗಡಿಗೆ ಹೋಗುತ್ತಾನೆ. ನನ್ನ ಲೇಖನ ಅಲ್ಲಿಗೇ ನಿಲ್ಲುತ್ತದೆ.

ಅಷ್ಟಕ್ಕೂ ಇದು ಶುರುವಾಗಿದ್ದು ಶಾಸ್ತ್ರದಿಂದಲ್ಲ. ಇಬ್ಬರು ಸೃಷ್ಟಿಕರ್ತರಲ್ಲಿ ಒಬ್ಬರಾದ ಬ್ರಯಾನ್ ಕೊನಿಯೆಟ್ಜ್ಕೊ ತಮ್ಮದೇ ಹಳೆಯ ಚಿತ್ರವೊಂದನ್ನು ಮತ್ತೆ ಕೈಗೆತ್ತಿಕೊಂಡರು. ಅದರಲ್ಲಿದ್ದ ಬೋಳುತಲೆಯ ನಡುವಯಸ್ಸಿನವನನ್ನು ಹುಡುಗನನ್ನಾಗಿ ಮಾಡಿ, ಆಕಾಶದಲ್ಲಿ ಕಾಡೆಮ್ಮೆ ಮೇಯಿಸಲು ಬಿಟ್ಟರು. ಧರ್ಮ, ಚಕ್ರ, ಲಾಮಾ ಎಲ್ಲ ಆ ಹುಡುಗನ ಸುತ್ತ ಆಮೇಲೆ ಸೇರಿಕೊಂಡವು.

ಹಾಗಾಗಿ ನಿಮ್ಮ ಮನೆಯವರು ನಕ್ಕಿದ್ದು ತಪ್ಪು. ನೀವು ಬರೆದದ್ದರಲ್ಲೂ ‘ಗೀತೆಯೇ’ ಅನ್ನುವಲ್ಲಿನ ಕೊನೆಯ ಅಕ್ಷರ ತಪ್ಪು. ಕೊನೆಯ ನಾಲ್ಕು ಕಂತುಗಳನ್ನು ಅವರಿಗೂ ತೋರಿಸಿ. ಯಾಂಗ್‌ಚೆನ್ ಮಾತಾಡುವಾಗ ಅವರು ಮೊಬೈಲ್ ನೋಡುತ್ತಾ ಕೂತಿದ್ದರೆ ಇನ್ನೊಂದು ಪತ್ರ ಬರೆಯಿರಿ.

- ಸಂ.